ಒಂದು ಸೀನಿನ ಸಂಕೋಚ

ತರಗತಿಯಲ್ಲಿ ಹಳಗನ್ನಡದ ಪದ್ಯ ಓದುತ್ತಿರುವಾಗ ಸೀನು ಬಂದರೆ ನಾನು ಮೊದಲು ಮೇಜಿನ ಅಂಚನ್ನು ಹಿಡಿದುಕೊಳ್ಳುತ್ತೇನೆ. ಹನ್ನೆರಡು ವರ್ಷಗಳ ಹಿಂದೆ, ಫೋರ್ಸೆಪ್ಸ್ ಎಂಬ ಇಕ್ಕಳ ಹಾಕಿ ಮಗನನ್ನು ಹೊರತೆಗೆದ ತರುವಾಯ ಅಂಟಿಕೊಂಡ ಅಭ್ಯಾಸವಿದು. ಕಾರಣವನ್ನು ವಾಚಕರು ಊಹಿಸಬಲ್ಲರು. ಹೆತ್ತ ವಾಚಕಿಯರಲ್ಲಿ ಹಲವರಿಗೆ ಊಹೆಯ ಅಗತ್ಯವೂ ಇರಲಾರದು.

ಈ ಗುಟ್ಟು ಲಗ್ಗೆರೆಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿಗೆ ಮಾತ್ರ ಗೊತ್ತಿತ್ತು. ಪೀಣ್ಯದ ಗಾರ್ಮೆಂಟ್ಸಿಗೆ ಹೊಲಿಗೆ ಕೆಲಸಕ್ಕೆ ಹೋಗುವ ಆಕೆ ಈಗ ಆರು ತಿಂಗಳ ಬಸುರಿ. ಮೊನ್ನೆ ಮೆಟ್ಟಿಲ ಮೇಲೆ ಕುಳಿತು ಕೇಳಿದಳು: “ಮೇಡಂ, ಸಿಸೇರಿಯನ್ ಮಾಡಿಸ್ಕೊಂಡ್ರೆ ನಿಮ್ಗಾದ ಹಾಗೆ ಆಗಲ್ವಂತೆ, ನಿಜವಾ?”

ನಾನು ವೈದ್ಯಳಲ್ಲ. ‘ಶ್ರೋಣಿ’ ಎಂದರೆ ಕವಿಗಳು ವರ್ಣಿಸುವ ನಿತಂಬವೆಂದಷ್ಟೇ ಪಾಠ ಹೇಳಿಕೊಂಡು ಬಂದವಳು. ಅದರ ತಳದಲ್ಲಿ ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಜೋಲಿಯಂತೆ ಎತ್ತಿಹಿಡಿದ ಸ್ನಾಯುಗಳುಂಟೆಂದು ನನಗೆ ಯಾವ ಕವಿಯೂ ಹೇಳಿಕೊಟ್ಟಿರಲಿಲ್ಲ. ಮಗುವಿನ ತಲೆ ಇಳಿಯುವಾಗ ಅವು ಅಳತೆಮೀರಿ ಹಿಗ್ಗುತ್ತವೆ; ಕೆಲವೊಮ್ಮೆ ಮೂಳೆಯಿಂದ ಕಿತ್ತುಬರುವುದೂ ಉಂಟು, ಇಕ್ಕಳ ಹಾಕಿದಾಗ ಹೆಚ್ಚು.

ಆಕೆ ಕೇಳಿ ಬಂದದ್ದು ಪೂರ್ತಿ ಸುಳ್ಳಲ್ಲ. 1,528 ತಾಯಂದಿರನ್ನು ವರ್ಷಗಟ್ಟಲೆ ಗಮನಿಸಿ 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಸಹಜ ಹೆರಿಗೆಯಾಗಿ 15 ವರ್ಷ ಕಳೆಯುವುದರೊಳಗೆ ನೂರರಲ್ಲಿ ಸುಮಾರು 34 ಮಂದಿಗೆ ಕೆಮ್ಮಿದರೆ, ಸೀನಿದರೆ ಮೂತ್ರ ಜಾರುವ ತೊಂದರೆ ಬಂದಿತ್ತು. ಸಿಸೇರಿಯನ್ ಆದವರಲ್ಲಿ ಈ ಅಪಾಯ ಅರ್ಧಕ್ಕಿಂತ ಕಡಿಮೆ. ಗರ್ಭಕೋಶ ಜಾರುವ ಅಪಾಯ ಇನ್ನೂ ಕಡಿಮೆ.

ಕಡಿಮೆ ಎಂದರೆ ಇಲ್ಲವೆಂದಲ್ಲ. ಒಂಬತ್ತು ತಿಂಗಳು ಹೊತ್ತ ಭಾರವೇ ಆ ಸ್ನಾಯುಗಳನ್ನು ಸಡಿಲಿಸುತ್ತದೆ. ಹೊಟ್ಟೆ ಕೊಯ್ದದ್ದಕ್ಕೂ ಅದರದೇ ಸಾಲವುಂಟು. ಮುಂದಿನ ಬಸುರಿನಲ್ಲಿ ಮಾಸು ಹಳೆಯ ಗಾಯದ ಮೇಲೆಯೇ ಬೇರೂರಿ ಪ್ರಾಣಕ್ಕೆ ಎರವಾಗಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗಾಗಲೇ ಕರ್ನಾಟಕದಲ್ಲಿ ನೂರು ಹೆರಿಗೆಗಳಲ್ಲಿ 31ಕ್ಕೂ ಹೆಚ್ಚು ಸಿಸೇರಿಯನ್. ಅವೆಲ್ಲವೂ ಈ ಸ್ನಾಯುಗಳ ಮೇಲಿನ ಕಾಳಜಿಯಿಂದ ಆದವೆಂದು ನಾನಂತೂ ನಂಬಲಾರೆ.

“ಡಾಕ್ಟರು ಬೇಕೆಂದರೆ ಮಾಡಿಸಿಕೊಳ್ಳಮ್ಮ; ನನ್ನನ್ನು ನೋಡಿ ಹೆದರಿ ಮಾಡಿಸಿಕೊಳ್ಳಬೇಡ” ಎಂದೆ. ಆಮೇಲೆ, ಅಮೆರಿಕದ ವೈದ್ಯ ಆರ್ನಲ್ಡ್ ಕೀಗಲ್ 1948ರಲ್ಲಿ ಬರೆದು ಪ್ರಸಿದ್ಧಿಗೆ ತಂದ ವ್ಯಾಯಾಮವನ್ನು ವಿವರಿಸಿದೆ: ಮೂತ್ರ ತಡೆಹಿಡಿಯುವಾಗ ಬಿಗಿಯುವ ಸ್ನಾಯುವನ್ನೇ ಬಿಗಿದು, ಮನಸ್ಸಿನಲ್ಲಿ ಎಣಿಸಿ, ಸಡಿಲಬಿಡುವುದು. ನಮ್ಮ ಬಾಣಂತನದಲ್ಲಿ ಎಣ್ಣೆನೀರುಂಟು, ಕಷಾಯವುಂಟು, ಸೊಂಟಕ್ಕೆ ಬಟ್ಟೆ ಬಿಗಿಯುವುದುಂಟು. ಇದೊಂದು ಮಾತ್ರ ನನ್ನ ಪಾಲಿಗೆ ಹನ್ನೆರಡು ವರ್ಷ ತಡವಾಗಿ ಬಂತು. ನಾಲ್ಕು ತಿಂಗಳಿಂದ ಮಾಡುತ್ತಿದ್ದೇನೆ. ಮೇಜು ಹಿಡಿಯುವುದು ತಪ್ಪಿಲ್ಲ. ಮಧ್ಯಾಹ್ನ ಸೀರೆ ಬದಲಿಸುವುದು ತಪ್ಪಿದೆ.

ಹುಡುಗಿ ಸ್ವಲ್ಪ ಹೊತ್ತು ಯೋಚಿಸಿದಳು. “ಮಿಷಿನ್ ಮುಂದೆ ಕೂತ್ಕೊಂಡೇ ಮಾಡ್ಬಹುದಾ, ಮೇಡಂ? ಸೂಪರ್‌ವೈಸರ್‌ಗೆ ಗೊತ್ತಾಗಲ್ಲ ತಾನೆ?”

“ಯಾರಿಗೂ ಗೊತ್ತಾಗುವುದಿಲ್ಲ” ಎಂದೆ. ನಾನು ಆಗಲೂ ಮಾಡುತ್ತಲೇ ಇದ್ದೆ.