ಹತ್ತು ಸಲ ಸೋತು ಹನ್ನೊಂದನೇ ಸಲ ಗೆದ್ದ ತಂಡ

 

ಕ್ರಿಕೆಟ್ ಬಗ್ಗೆ ನಮ್ಮ ಗೋಡೆ ಪತ್ರಿಕೆಯಲ್ಲಿ ಬೇಕಾದಷ್ಟು ಸಲ ಬಂದಿದೆ. ಆದ್ದರಿಂದ ಈ ಸಲ ನಮ್ಮೂರಲ್ಲಿ ಯಾರೂ ಆಡದ ಒಂದು ಆಟದ ಬಗ್ಗೆ, ಆ ಆಟದ ಒಂದು ತಂಡದ ಬಗ್ಗೆ ಬರೆಯುತ್ತಿದ್ದೇನೆ. ಆಟದ ಹೆಸರು ರಗ್ಬಿ. ತಂಡದ ಹೆಸರು ಎ.ಎಸ್.ಎಂ. ಕ್ಲೆರ್ಮೋಂ. ಇದು ಫ್ರಾನ್ಸ್ ದೇಶದ ತಂಡ. ಇದರ ಕಥೆಯನ್ನೇ ಯಾಕೆ ಆರಿಸಿಕೊಂಡೆ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ರಗ್ಬಿ ಅಂದರೆ ಏನು?

ಇಂಗ್ಲೆಂಡಿನಲ್ಲಿ ರಗ್ಬಿ ಅಂತ ಒಂದು ಊರಿದೆ. ಆ ಊರಿನ ಶಾಲೆಯಿಂದ ಈ ಆಟಕ್ಕೆ ಹೆಸರು ಬಂತು. ಚೆಂಡು ದುಂಡಗಿರುವುದಿಲ್ಲ, ಕೋಳಿಮೊಟ್ಟೆಯ ಹಾಗೆ ಉದ್ದವಾಗಿರುತ್ತದೆ. ಅದಕ್ಕೇ ಅದು ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುತ್ತದೋ ಹೇಳಲು ಬರುವುದಿಲ್ಲ. ಚೆಂಡನ್ನು ಕೈಯಲ್ಲಿ ಹಿಡಿದುಕೊಂಡು ಓಡಬಹುದು, ಕಾಲಿನಿಂದ ಒದೆಯಲೂಬಹುದು. ಆದರೆ ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ. ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ ಎಸೆಯಬೇಕು. ಅಂದರೆ ಮುಂದೆ ಹೋಗಬೇಕಾದರೂ ಚೆಂಡನ್ನು ಹಿಂದಿರುವ ಗೆಳೆಯನಿಗೇ ಕೊಡಬೇಕು. ನನಗಂತೂ ಈ ನಿಯಮ ತುಂಬಾ ಹಿಡಿಸಿತು.

ಎದುರಾಳಿಗಳು ಚೆಂಡು ಹಿಡಿದವನನ್ನು ತೋಳಿನಿಂದ ಅಪ್ಪಿ ಹಿಡಿದು ಬೀಳಿಸುತ್ತಾರೆ. ನಮ್ಮ ಕಬಡ್ಡಿಯಲ್ಲಿ ರೈಡರನ್ನು ಹಿಡಿಯುವ ಹಾಗೆಯೇ. ಆದರೆ ಭುಜದಿಂದ ಮೇಲೆ, ಅಂದರೆ ಕುತ್ತಿಗೆ, ತಲೆ ಹಿಡಿದರೆ ಅದು ತಪ್ಪು. ಎದುರಾಳಿಗಳ ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದಕ್ಕೆ 'ಟ್ರೈ' ಅನ್ನುತ್ತಾರೆ, 5 ಅಂಕ. ಆಮೇಲೆ ಎರಡು ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ಚೆಂಡು ಹಾರಿಸಿದರೆ ಇನ್ನೂ 2 ಅಂಕ. ಎದುರಾಳಿಗಳು ತಪ್ಪು ಮಾಡಿದಾಗ ಸಿಗುವ ಪೆನಾಲ್ಟಿ ಒದೆತಕ್ಕೆ 3 ಅಂಕ. ಒಟ್ಟು ಆಟ 80 ನಿಮಿಷ.

ರಗ್ಬಿಯಲ್ಲಿ ಎರಡು ಬಗೆ ಇದೆ. 13 ಜನ ಆಡುವುದು ರಗ್ಬಿ ಲೀಗ್, 15 ಜನ ಆಡುವುದು ರಗ್ಬಿ ಯೂನಿಯನ್. ಕ್ಲೆರ್ಮೋಂ ತಂಡ ಆಡುವುದು 15 ಜನರ ಆಟ.

ಟೈರು ಕಾರ್ಖಾನೆಯಲ್ಲಿ ಹುಟ್ಟಿದ ತಂಡ

ಫ್ರಾನ್ಸಿನ ನಡುಭಾಗದಲ್ಲಿ ಕ್ಲೆರ್ಮೋಂ-ಫೆರಾಂ ಎಂಬ ನಗರವಿದೆ. ಅದರ ಸುತ್ತ ಆರಿಹೋದ ಜ್ವಾಲಾಮುಖಿ ಬೆಟ್ಟಗಳ ಸಾಲೇ ಇದೆ. ಆ ಊರಿನ ದೊಡ್ಡ ಚರ್ಚನ್ನು ಜ್ವಾಲಾಮುಖಿಯ ಕಪ್ಪು ಕಲ್ಲಿನಿಂದಲೇ ಕಟ್ಟಿದ್ದಾರೆ. ಹಿಂದೆ ಕ್ಲೆರ್ಮೋಂ ಮತ್ತು ಮೋಂಫೆರಾಂ ಅಂತ ಬೇರೆ ಬೇರೆ ಎರಡು ಊರುಗಳಿದ್ದವು. 17ನೇ ಶತಮಾನದಲ್ಲಿ ರಾಜನ ಆಜ್ಞೆಯಂತೆ ಒಂದಾದವು.

ಈ ಊರಲ್ಲಿ 1889ರಲ್ಲಿ ಆಂದ್ರೆ ಮತ್ತು ಎದುವಾರ್ ಎಂಬ ಅಣ್ಣತಮ್ಮಂದಿರು ಮಿಶೆಲಿನ್ ಕಂಪನಿ ಶುರು ಮಾಡಿದರು. ಟೈರುಗಳನ್ನೇ ಒಂದರ ಮೇಲೊಂದು ಜೋಡಿಸಿದಂತೆ ಕಾಣುವ ಬಿಳಿ ಗೊಂಬೆಯ ಚಿತ್ರವನ್ನು ಲಾರಿಗಳ ಮೇಲೆ ನೀವು ನೋಡಿರಬಹುದು. ಅದು ಇದೇ ಕಂಪನಿಯ ಗುರುತು.

ಆಂದ್ರೆಯವರ ಮಗ ಮಾರ್ಸೆಲ್ ಮಿಶೆಲಿನ್. ಇವರು 1911ರಲ್ಲಿ ಕಾರ್ಖಾನೆಯ ಕೆಲಸಗಾರರಿಗಾಗಿ ಒಂದು ಕ್ರೀಡಾ ಸಂಘ ಕಟ್ಟಿದರು. ಅದರ ಹೆಸರು 'ಅಸೋಸಿಯಾಸಿಯೋಂ ಸ್ಪೋರ್ತೀವ್ ಮಿಶೆಲಿನ್', ಚಿಕ್ಕದಾಗಿ ಎ.ಎಸ್.ಎಂ. ಕಂಪನಿಯ ಹಳದಿ ಮತ್ತು ನೀಲಿ ಬಣ್ಣಗಳೇ ತಂಡದ ಬಣ್ಣಗಳಾದವು.

ಆದರೆ ತಂಡಕ್ಕೆ ಕಂಪನಿಯ ಹೆಸರು ಇಡಬಾರದು ಅಂತ ತಕರಾರು ಬಂತು. 1922ರಲ್ಲಿ ಹೆಸರು ಬದಲಾಯಿಸಬೇಕಾಯಿತು. ಅವರು ಎಷ್ಟು ಜಾಣರು ನೋಡಿ! 'ಮಿಶೆಲಿನ್' ತೆಗೆದು 'ಮೋಂಫೆರಾಂದೇಜ್' ಅಂತ ಹಾಕಿದರು. ಅಂದರೆ ಮೋಂಫೆರಾಂ ಊರಿನದು ಎಂದರ್ಥ. ಅದೂ 'ಎಂ' ಅಕ್ಷರದಿಂದಲೇ ಶುರುವಾಗುತ್ತದೆ. ಹೀಗಾಗಿ ಎ.ಎಸ್.ಎಂ. ಎ.ಎಸ್.ಎಂ. ಆಗಿಯೇ ಉಳಿಯಿತು! 2004ರಲ್ಲಿ ಇನ್ನೊಮ್ಮೆ ಬದಲಾಯಿಸಿ ಎ.ಎಸ್.ಎಂ. ಕ್ಲೆರ್ಮೋಂ ಓವೆರ್ನ್ಯ್ ಅಂತ ಮಾಡಿದರು. ಓವೆರ್ನ್ಯ್ ಎಂಬುದು ಆ ಪ್ರಾಂತ್ಯದ ಹೆಸರು.

ಮಾರ್ಸೆಲ್ ಮಿಶೆಲಿನ್ ಅವರ ಕೊನೆ ದುಃಖದ್ದು. ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ಸೈನ್ಯ ಫ್ರಾನ್ಸನ್ನು ಆಕ್ರಮಿಸಿತ್ತು. ಮಾರ್ಸೆಲ್ ಗುಟ್ಟಾಗಿ ಅದರ ವಿರುದ್ಧ ಕೆಲಸ ಮಾಡಿದರು. 1943ರಲ್ಲಿ ಅವರನ್ನು ಹಿಡಿದು ಜರ್ಮನಿಯ ಬುಖೆನ್‌ವಾಲ್ಡ್ ಸೆರೆಶಿಬಿರಕ್ಕೆ ಸಾಗಿಸಿದರು. 1945ರ ಜನವರಿಯಲ್ಲಿ ಸೆರೆಯಲ್ಲಿಯೇ ತೀರಿಕೊಂಡರು. ತಂಡ ಇಂದಿಗೂ ಆಡುವ ಮೈದಾನಕ್ಕೆ ಅವರದೇ ಹೆಸರಿದೆ. ಅಲ್ಲಿ ಸುಮಾರು 19 ಸಾವಿರ ಜನ ಕೂತು ಆಟ ನೋಡಬಹುದು.

ತಂಡದಲ್ಲಿ ಯಾರ್ಯಾರು ಇರ್ತಾರೆ?

ರಗ್ಬಿಯಲ್ಲಿ ಅಂಗಿಯ ನಂಬರ್ ನೋಡಿದರೆ ಸಾಕು, ಆಟಗಾರನ ಕೆಲಸ ಏನು ಅಂತ ಗೊತ್ತಾಗುತ್ತದೆ. 1ರಿಂದ 8 ನಂಬರಿನವರು ಮುಂದಿನವರು. ಇವರು ಭಾರದ ಆಳುಗಳು. ಸ್ಕ್ರಮ್ ಎಂಬುದರಲ್ಲಿ ಎರಡೂ ಕಡೆಯ ಎಂಟೆಂಟು ಜನ ಬಗ್ಗಿ, ಒಬ್ಬರಿಗೊಬ್ಬರು ಭುಜ ಕೊಟ್ಟು, ನೊಗ ಹೊತ್ತ ಎತ್ತುಗಳ ಹಾಗೆ ತಳ್ಳುತ್ತಾರೆ. 9 ಮತ್ತು 10 ನಂಬರಿನವರು ಆಟ ನಡೆಸುವ ತಲೆಗಳು. 11ರಿಂದ 15ರವರೆಗಿನವರು ಓಟಗಾರರು. ದಪ್ಪಗಿರುವವರು, ಸಣ್ಣಗಿರುವವರು, ಎತ್ತರದವರು, ಕುಳ್ಳಗಿರುವವರು ಎಲ್ಲರಿಗೂ ಈ ಆಟದಲ್ಲಿ ಒಂದೊಂದು ಜಾಗ ಉಂಟು.

ಮೊದಲು ಈ ಆಟಕ್ಕೆ ಸಂಬಳ ಕೊಡುವ ಹಾಗಿರಲಿಲ್ಲ. ಆಟಗಾರರು ಬೇರೆ ಕೆಲಸ ಮಾಡಿಕೊಂಡೇ ಆಡಬೇಕಿತ್ತು. 1995ರ ಆಗಸ್ಟ್‌ನಲ್ಲಿ ಆ ನಿಯಮ ತೆಗೆದುಹಾಕಿದರು. ಆಮೇಲೆ ಆಟವೇ ಒಂದು ಉದ್ಯೋಗವಾಯಿತು, ಬೇರೆ ದೇಶಗಳಿಂದ ಆಟಗಾರರು ಬರತೊಡಗಿದರು. 2010ರ ಹೊತ್ತಿನ ಕ್ಲೆರ್ಮೋಂ ತಂಡವನ್ನೇ ನೋಡಿ. ಕೆನಡಾದ ಜೇಮಿ ಕಡ್ಮೋರ್, ಅರ್ಜೆಂಟೀನಾದ ಮಾರಿಯೊ ಲೆಡೆಸ್ಮ, ಜಾರ್ಜಿಯಾದ ದವಿತ್ ಜಿರಾಕಾಶ್ವಿಲಿ, ಆಸ್ಟ್ರೇಲಿಯಾದ ಬ್ರಾಕ್ ಜೇಮ್ಸ್, ಫೀಜಿ ದ್ವೀಪದ ನಪೋಲಿಯೋನಿ ನಲಾಗ. ತರಬೇತುದಾರ ವರ್ನ್ ಕಾಟರ್ ನ್ಯೂಜಿಲೆಂಡಿನವರು. ಭೂಪಟ ಹರಡಿಕೊಂಡು ಈ ದೇಶಗಳನ್ನೆಲ್ಲ ಹುಡುಕಿ ನೋಡಿ, ಸಮಾಜ ಪಾಠವೂ ಆಗುತ್ತದೆ!

ಹಾಗಂತ ಎಲ್ಲರೂ ಹೊರಗಿನವರೇ ಅಲ್ಲ. ಫ್ರಾನ್ಸಿನಲ್ಲೇ ತರಬೇತಿ ಪಡೆದು ಬೆಳೆದ ಆಟಗಾರರು ಪ್ರತಿ ತಂಡದಲ್ಲೂ ಇಂತಿಷ್ಟು ಇರಲೇಬೇಕು ಅಂತ 2010ರಿಂದ ನಿಯಮ ಬಂದಿದೆ. ಆಗಿನ ನಾಯಕ ಔರೇಲಿಯಾಂ ರೂಜರಿ ಕ್ಲೆರ್ಮೋಂ ಬಿಟ್ಟು ಬೇರೆ ತಂಡಕ್ಕೆ ಹೋಗದೆ 2018ರವರೆಗೆ ಅಲ್ಲೇ ಆಡಿದರು. ಅವರ ತಂದೆ ಜಾಕ್ ರೂಜರಿಯವರೂ ಇದೇ ತಂಡದ ಆಟಗಾರರಾಗಿದ್ದರು.

ಮರದ ಗುರಾಣಿ

ಫ್ರಾನ್ಸಿನ ರಗ್ಬಿ ಯೂನಿಯನ್ ಆಟದಲ್ಲಿ ಎಲ್ಲಕ್ಕಿಂತ ಮೇಲಿನ ಪಂದ್ಯಾವಳಿಗೆ ಈಗ 'ಟಾಪ್ 14' ಎಂದು ಹೆಸರು. 14 ತಂಡಗಳಿರುತ್ತವೆ. ಪ್ರತಿ ತಂಡವೂ ಉಳಿದ 13 ತಂಡಗಳ ಜೊತೆ ತನ್ನೂರಲ್ಲಿ ಒಂದು ಸಲ, ಅವರೂರಲ್ಲಿ ಒಂದು ಸಲ ಆಡಬೇಕು. ಅಂದರೆ 26 ಪಂದ್ಯ. ಮೊದಲ ಆರು ತಂಡಗಳು ಮುಂದಿನ ಸುತ್ತಿಗೆ ಹೋಗುತ್ತವೆ. ಕಟ್ಟಕಡೆಗೆ ಬಂದ ತಂಡ ಕೆಳಗಿನ ದರ್ಜೆಗೆ ಇಳಿಯುತ್ತದೆ.

ಗೆದ್ದವರಿಗೆ ಕಪ್ ಕೊಡುವುದಿಲ್ಲ. ಮರದ ಹಲಗೆಗೆ ಲೋಹದ ಫಲಕ ಬಡಿದ ಒಂದು ಗುರಾಣಿ ಕೊಡುತ್ತಾರೆ. ಅದನ್ನು 1892ರಲ್ಲಿ ಮಾಡಿದವರು ಶಾರ್ಲ್ ಬ್ರೆನ್ನಸ್. ಹಾಗಾಗಿ ಅದು ಬ್ರೆನ್ನಸ್ ಗುರಾಣಿ. ಆ ವರ್ಷ ನಡೆದ ಮೊದಲ ಫೈನಲ್‌ಗೆ ಅಂಪೈರ್ ಆಗಿದ್ದವರು ಯಾರು ಗೊತ್ತಾ? ಈಗಿನ ಒಲಿಂಪಿಕ್ಸ್ ಶುರು ಮಾಡಿದ ಪಿಯರ್ ದ ಕೂಬರ್ತಾಂ!

ಸೋಲಿನ ಪಟ್ಟಿ

ಈ ಗುರಾಣಿಗಾಗಿ ಕ್ಲೆರ್ಮೋಂ ಎಷ್ಟು ಸಲ ಫೈನಲ್ ತನಕ ಹೋಗಿ ಸೋತಿತು ಅಂತ ಪಟ್ಟಿ ಮಾಡಿದ್ದೇನೆ.

1936 – ನಾರ್ಬಾನ್ ವಿರುದ್ಧ 3–6
1937 – ವಿಯೆನ್ ವಿರುದ್ಧ 7–13
1970 – ಲಾ ವೂಲ್ತ್ ವಿರುದ್ಧ 0–3
1978 – ಬೆಜಿಯೆ ವಿರುದ್ಧ 9–31
1994 – ತುಲೂಸ್ ವಿರುದ್ಧ 16–22
1999 – ತುಲೂಸ್ ವಿರುದ್ಧ 11–15
2001 – ತುಲೂಸ್ ವಿರುದ್ಧ 22–34
2007 – ಸ್ತಾದ್ ಫ್ರಾನ್ಸೆ ವಿರುದ್ಧ 18–23
2008 – ತುಲೂಸ್ ವಿರುದ್ಧ 20–26
2009 – ಪೆರ್ಪಿನ್ಯಾಂ ವಿರುದ್ಧ 13–22

ಎಣಿಸಿ ನೋಡಿ, ಸರಿಯಾಗಿ ಹತ್ತು. 1970ರಲ್ಲಿ ಒಂದೇ ಒಂದು ಟ್ರೈಯಿಂದ ಸೋತರು (ಆಗ ಟ್ರೈಗೆ 3 ಅಂಕ ಇತ್ತು). 2007ರಲ್ಲಿ ಕೊನೆಯ ಕೆಲವೇ ನಿಮಿಷಗಳಲ್ಲಿ ಪಂದ್ಯ ಕೈತಪ್ಪಿತು. 2007, 2008, 2009, ಮೂರು ವರ್ಷ ಒಂದರ ಹಿಂದೆ ಒಂದು ಸೋಲು. ಇವರಿಗೆ ಶಾಪ ತಗುಲಿದೆ ಅಂತ ಜನ ಆಡಿಕೊಂಡರು.

ನಾನು ಈ ಪಟ್ಟಿಯನ್ನು ಬರೆದಾದ ಮೇಲೆ ಇನ್ನೊಂದು ಸಲ ನೋಡಿದೆ. ಹತ್ತು ಸಲ ಫೈನಲ್‌ನಲ್ಲಿ ಸೋಲಬೇಕಾದರೆ ಹತ್ತು ಸಲ ಫೈನಲ್‌ಗೆ ಬಂದಿರಬೇಕು ತಾನೆ? ಅಂದರೆ ಹತ್ತು ಸಲ ಸೆಮಿಫೈನಲ್ ಗೆದ್ದಿದ್ದಾರೆ. ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ.

ಹನ್ನೊಂದನೇ ಸಲ

2010ರ ಮೇ 29. ಪ್ಯಾರಿಸ್ ಹತ್ತಿರದ ದೊಡ್ಡ ಮೈದಾನ. ಎದುರಿಗೆ ಹಿಂದಿನ ವರ್ಷ ಸೋಲಿಸಿದ್ದ ಅದೇ ಪೆರ್ಪಿನ್ಯಾಂ. ಇತ್ತ ಕ್ಲೆರ್ಮೋಂ ಊರಿನ ಜೋದ್ ಎಂಬ ಚೌಕದಲ್ಲಿ ದೊಡ್ಡ ಪರದೆಯ ಮುಂದೆ ಸಾವಿರಾರು ಜನ ಹಳದಿ-ನೀಲಿ ಬಟ್ಟೆ ಹಾಕಿಕೊಂಡು ನಿಂತಿದ್ದರು.

ಆ ದಿನ ಕ್ಲೆರ್ಮೋಂ 19–6ರಿಂದ ಗೆದ್ದುಬಿಟ್ಟಿತು! ಸಂಘ ಕಟ್ಟಿ 99 ವರ್ಷ, ಮೊದಲ ಫೈನಲ್ ಸೋತು 74 ವರ್ಷ ಆಗಿತ್ತು. 1936ರಲ್ಲಿ ಸೋಲನ್ನು ನೋಡಿದ ಹುಡುಗರು 2010ಕ್ಕೆ ಮುತ್ತಜ್ಜಂದಿರಾಗಿರಬೇಕು.

ಇದೇ ಕಾಲಕ್ಕೆ ಇನ್ನೊಂದು ದಾಖಲೆಯೂ ಆಯಿತು. 2009ರಿಂದ 2014ರವರೆಗೆ ತಮ್ಮೂರ ಮೈದಾನದಲ್ಲಿ ಸತತ 77 ಪಂದ್ಯಗಳಲ್ಲಿ ಅವರು ಸೋಲಲೇ ಇಲ್ಲ. ಕೊನೆಗೆ ಕಾಸ್ತ್ರ್ ಎಂಬ ತಂಡ ಬಂದು ಸೋಲಿಸಿತು.

ಆಮೇಲೆ ಸೋಲು ನಿಂತುಹೋಯಿತಾ? ಇಲ್ಲ. ಯುರೋಪಿನ ದೊಡ್ಡ ಕಪ್ಪಿನ ಫೈನಲ್‌ನಲ್ಲಿ 2013, 2015, 2017 ಹೀಗೆ ಮೂರು ಸಲ ಸೋತರು. 2013ರಲ್ಲಂತೂ ತುಲೋಂ ವಿರುದ್ಧ 15–16, ಬರೀ ಒಂದು ಅಂಕ! ಆದರೆ 2017ರಲ್ಲಿ ಅದೇ ತುಲೋಂ ತಂಡವನ್ನು 22–16ರಿಂದ ಸೋಲಿಸಿ ಎರಡನೇ ಸಲ ಗುರಾಣಿ ಗೆದ್ದರು. 2019ರ ಫೈನಲ್‌ನಲ್ಲಿ ತುಲೂಸ್ ಕೈಲಿ ಮತ್ತೆ ಸೋತರು.

ನಾನು ಇದನ್ನು ಯಾಕೆ ಬರೆದೆ?

ಹೋಬಳಿ ಮಟ್ಟದ ಕಬಡ್ಡಿಯಲ್ಲಿ ನಮ್ಮ ಶಾಲೆ ಎರಡು ವರ್ಷ ಸತತ ಫೈನಲ್‌ನಲ್ಲಿ ಸೋತಿದ್ದು ಎಲ್ಲರಿಗೂ ಗೊತ್ತು. ಹೋದ ಸಲ ಕೊನೇ ರೈಡಿಗೆ ಹೋಗಿ ಸಿಕ್ಕಿಬಿದ್ದವನು ನಾನೇ. ಈ ಸಲ ಹೆಸರೇ ಕೊಡಲ್ಲ ಅಂತ ನಮ್ಮ ತರಗತಿಯಲ್ಲೇ ನಾಲ್ಕು ಜನ ಹೇಳ್ತಿದ್ದಾರೆ. ಅವರನ್ನು ನಾನು ಬೈಯಲ್ಲ, ಯಾಕಂದ್ರೆ ನಾನೂ ಹಾಗೇ ಅಂದುಕೊಂಡಿದ್ದೆ.

ಸೋಲು ಗೆಲುವಿನ ಮೆಟ್ಟಿಲು ಅಂತ ಎಲ್ಲರೂ ಹೇಳ್ತಾರೆ. ಕ್ಲೆರ್ಮೋಂ ಕಥೆ ನೋಡಿದರೆ ಅದು ಪೂರ್ತಿ ನಿಜ ಅಲ್ಲ ಅನ್ನಿಸುತ್ತದೆ. 1936ರಲ್ಲಿ ಆಡಿದವರಿಗೆ ಗುರಾಣಿ ಸಿಗಲೇ ಇಲ್ಲ. 1978ರ ಫೈನಲ್ ಆಡಿದ ಜಾಕ್ ರೂಜರಿಯವರಿಗೂ ಸಿಗಲಿಲ್ಲ, ಸಿಕ್ಕಿದ್ದು ಅವರ ಮಗನಿಗೆ. ಆದರೆ ಹಿಂದಿನವರು ಆಟ ಬಿಟ್ಟು ತಂಡ ಮುಚ್ಚಿದ್ದರೆ 2010ರಲ್ಲಿ ಆಡಲಿಕ್ಕೆ ತಂಡವೇ ಇರುತ್ತಿರಲಿಲ್ಲ. ಚೆಂಡನ್ನು ಹಿಂದಿನವನಿಗೆ ಕೊಟ್ಟು ಮುಂದೆ ಹೋಗುವ ಆಟ ಅಂದರೆ ಇದೇ ಇರಬೇಕು.

ನಾವು ಏಳನೆಯವರು ಬರುವ ವರ್ಷ ಈ ಶಾಲೆಯಲ್ಲಿ ಇರುವುದಿಲ್ಲ. ಆರನೆಯ, ಐದನೆಯ ತರಗತಿಯವರು ಇರುತ್ತಾರೆ. ಅವರಿಗೆ ಆಡಲು ಒಂದು ತಂಡ ಬಿಟ್ಟುಹೋಗೋಣ. ನಾನು ಪಿ.ಟಿ. ಮೇಷ್ಟ್ರ ಹತ್ತಿರ ಹೆಸರು ಬರೆಸಿದ್ದೇನೆ. ಇನ್ನೂ ಆರು ಜನ ಬೇಕು.

– ಏಳನೇ ತರಗತಿಯ ಒಬ್ಬ ವಿದ್ಯಾರ್ಥಿ