ದತ್ತಕ ಬಂದ ದೇಸಾಯಿ ಬರೆದ ಉಯಿಲು

ಜನವರಿ 10 ಬಂತೆಂದರೆ ಧಾರವಾಡ-ಬೆಳಗಾವಿ ಸೀಮೆಯ ಹಲವು ಶಾಲೆ ಕಾಲೇಜುಗಳಲ್ಲಿ ಒಂದು ಭಾವಚಿತ್ರಕ್ಕೆ ಹೂಮಾಲೆ ಏರುತ್ತದೆ. ಮಕ್ಕಳು ಸಾಲಾಗಿ ಕೂಡುತ್ತಾರೆ, ಊರಿನ ಹಿರಿಯರೊಬ್ಬರಿಗೆ ಶಾಲು ಹೊದಿಸಿ ಸತ್ಕಾರ ಮಾಡುತ್ತಾರೆ, ಯಾರೋ ಒಬ್ಬರು ನಿಂತು ತ್ಯಾಗವೀರ ಶಿರಸಂಗಿ ಲಿಂಗರಾಜರ ಬಗ್ಗೆ ನಾಲ್ಕು ಮಾತು ಹೇಳುತ್ತಾರೆ. ಹುಟ್ಟಿದ್ದು 1861ರಲ್ಲಿ, ಶಿಗ್ಲಿಯಲ್ಲಿ. ದತ್ತಕ ಹೋದದ್ದು ಶಿರಸಂಗಿಗೆ. ತೀರಿಕೊಂಡದ್ದು 1906ರಲ್ಲಿ. ಇಡೀ ಆಸ್ತಿಯನ್ನು ವಿದ್ಯೆಗೆ ಬರೆದು ಹೋದರು. ಆಮೇಲೆ ಬಹುಮಾನ ವಿತರಣೆ, ವಂದನಾರ್ಪಣೆ.

ಆ ನಾಲ್ಕು ಮಾತುಗಳಲ್ಲಿ ಎರಡನೆಯದರ ಮೇಲೆ ಭಾಷಣಕಾರರು ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ದತ್ತಕ ಹೋದರು ಎಂದು ಹೇಳಿ ಮುಂದೆ ನಡೆಯುತ್ತಾರೆ. ನನಗೆ ಲಿಂಗರಾಜರ ಇಡೀ ಬದುಕಿನ ಬೀಗದ ಕೈ ಅಲ್ಲೇ ಇದೆ ಅನ್ನಿಸುತ್ತದೆ. ಅದನ್ನು ಹಿಡಿದು ನೋಡಿದರೆ ಅವರ ದಾನದ ಅಳತೆಯೇ ಬೇರೆಯಾಗಿ ಕಾಣುತ್ತದೆ.

ಶಿರಸಂಗಿ ಸವದತ್ತಿ ತಾಲೂಕಿನ ಊರು, ಕಾಳಮ್ಮನ ಗುಡಿಯಿಂದ ಹೆಸರಾದದ್ದು. ಅದೇ ಮನೆತನಕ್ಕೆ ಸೇರಿದ ಇನ್ನೊಂದು ಹೆಸರು ನವಲಗುಂದ. ಶಿರಸಂಗಿ-ನವಲಗುಂದ ದೇಸಗತಿ ಎಂದು ಜೋಡಿಸಿಯೇ ಹೇಳುವ ರೂಢಿ. ದೇಸಾಯರೆಂದರೆ ರಾಜರಲ್ಲ, ಒಂದು ಸೀಮೆಯ ಕಂದಾಯ ಎತ್ತಿ ಮೇಲಿನವರಿಗೆ ಮುಟ್ಟಿಸುವ, ಅದಕ್ಕೆ ಪ್ರತಿಯಾಗಿ ವತನದ ಹೊಲಗಳನ್ನು ಉಣ್ಣುವ ವಂಶಪಾರಂಪರ್ಯದ ಅಧಿಕಾರಿಗಳು. ಬಿಜಾಪುರದ ಆದಿಲಶಾಹಿ ಹೋಯಿತು, ಪೇಶವೆಯರು ಬಂದರು, ಅವರೂ ಹೋಗಿ ಇಂಗ್ಲಿಷರು ಬಂದರು. ಊರಿನವರಿಗೆ ಮಾತ್ರ ಒಡೆಯರೆಂದರೆ ವಾಡೆಯಲ್ಲಿ ಕೂತ ದೇಸಾಯರೇ. ನವಲಗುಂದದ ಸುತ್ತಿನ ಎರೆಹೊಲ ಹೇಗಿರುತ್ತದೆಂದು ಕಂಡವರಿಗೆ ಆ ವತನದ ಬೆಲೆ ಹೇಳಬೇಕಿಲ್ಲ. ಕಣ್ಣು ಹಾಯಿಸಿದಷ್ಟು ದೂರ ಗಿಡಮರವಿಲ್ಲದ ಕರಿಮಣ್ಣು. ಮಳೆ ಹದವಾಗಿ ಬಿದ್ದರೆ ಹತ್ತಿ, ಬಿಳಿಜೋಳ, ಕಡಲೆ, ಗೋಧಿ, ಕುಸುಬೆ.

ಇಂಥ ಆಸ್ತಿಯಿರುವ ಮನೆಗೆ ಗಂಡು ಸಂತಾನವಿಲ್ಲದಿದ್ದರೆ? ಉತ್ತರ ಕರ್ನಾಟಕದ ಹತ್ತೊಂಬತ್ತನೆಯ ಶತಮಾನದ ಚರಿತ್ರೆಯಲ್ಲಿ ಈ ಒಂದು ಪ್ರಶ್ನೆ ಎಷ್ಟು ರಕ್ತ ಹರಿಸಿತು! 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡಾಗ ದತ್ತಕ ತೆಗೆದುಕೊಂಡ ಹುಡುಗನನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಚೆನ್ನಮ್ಮ ಮಣಿಯಲಿಲ್ಲ. ಅಕ್ಟೋಬರಿನಲ್ಲಿ ಕೋಟೆಯ ಎದುರು ನಡೆದ ಕಾಳಗದಲ್ಲಿ ಥ್ಯಾಕರೆಯೇ ಸತ್ತ. ಮೂವತ್ತನಾಲ್ಕು ವರ್ಷ ಕಳೆದು 1858ರಲ್ಲಿ ಅದೇ ಕಥೆ ನವಲಗುಂದದ ನೆರೆಯ ನರಗುಂದದಲ್ಲಿ ಮರುಕಳಿಸಿತು. ಅಲ್ಲಿನ ಭಾಸ್ಕರರಾಯ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ದತ್ತಕಕ್ಕೆ ಅಪ್ಪಣೆ ಕೇಳಿದರು. ಸಿಗಲಿಲ್ಲ. ಬಂಡೆದ್ದರು. ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಕೊಲೆಯಾದ. ಜೂನ್ ತಿಂಗಳಲ್ಲಿ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದರು. ನವಲಗುಂದದ ಹೊಲಗಳಲ್ಲಿ ದುಡಿಯುತ್ತಿದ್ದವರು ಆ ಸುದ್ದಿಯನ್ನು ಸಂತೆಯಲ್ಲಿ ಕೇಳಿರಬೇಕು.

ಅದಾಗಿ ಮೂರು ವರ್ಷ ತುಂಬುವುದರೊಳಗೆ ಶಿಗ್ಲಿಯಲ್ಲಿ ಒಂದು ಗಂಡುಮಗು ಹುಟ್ಟಿತು. ಹೆಸರು ರಾಮಪ್ಪ. ಒಕ್ಕಲುತನದ ಮನೆ. ಆ ಹುಡುಗನನ್ನು ಶಿರಸಂಗಿಯ ಜಾಯಪ್ಪ ದೇಸಾಯರ ಮನೆತನ ದತ್ತಕ ತೆಗೆದುಕೊಂಡಿತು. ರಾಮಪ್ಪ ಲಿಂಗರಾಜನಾದ. ಹೆತ್ತ ತಾಯಿಯ ಮನೆ ಬಿಟ್ಟು, ಗುರುತಿಲ್ಲದ ವಾಡೆಯ ದೊಡ್ಡ ಬಾಗಿಲು ದಾಟಿ, ಇನ್ನೊಬ್ಬರ ಹೆಸರು ಉಳಿಸುವ ಹೊಣೆ ಹೊತ್ತು ಬೆಳೆದ ಹುಡುಗ. ದತ್ತಕಪುತ್ರನಿಂದ ಮನೆತನ ಕೇಳುವುದು ಒಂದೇ ಒಂದು: ವಂಶ ನಿಲ್ಲಬಾರದು, ಆಸ್ತಿ ಮನೆ ಬಿಟ್ಟು ಹೋಗಬಾರದು.

ದೊಡ್ಡವರಾದ ಮೇಲೆ ಲಿಂಗರಾಜರು ತಮ್ಮ ಸೀಮೆಯ ಸಾರ್ವಜನಿಕ ಕೆಲಸಗಳಲ್ಲಿ ಮುಂದಾಳಾದರು. 1904ರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳ ಮುತುವರ್ಜಿಯಿಂದ ವೀರಶೈವ ಮಹಾಸಭೆ ಹುಟ್ಟಿಕೊಂಡಿತು. ಧಾರವಾಡದಲ್ಲಿ ನಡೆದ ಅದರ ಮೊದಲ ಅಧಿವೇಶನಕ್ಕೆ ಅಧ್ಯಕ್ಷರಾದವರು ಲಿಂಗರಾಜರೇ. ಊರೂರಿನಿಂದ ಬಂದ ಜನ ಅಲ್ಲಿ ಮತ್ತೆ ಮತ್ತೆ ಎತ್ತಿದ ಮಾತು ವಿದ್ಯೆಯದು.

ಎರಡೇ ವರ್ಷ. 1906ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡಾಗ ವಯಸ್ಸು ನಲವತ್ತೈದು. ಹೊಟ್ಟೆಯಲ್ಲಿ ಹುಟ್ಟಿದ ವಾರಸುದಾರರಿಲ್ಲ. ಎಲ್ಲರೂ ಮಾಡುವಂತೆ ಭಾವಕಿಯ ಒಬ್ಬ ಹುಡುಗನನ್ನು ತಂದು ತೊಡೆಯ ಮೇಲೆ ಕೂಡಿಸಿಕೊಳ್ಳಬಹುದಿತ್ತು. ಅವರನ್ನೂ ಒಂದು ದಿನ ಹಾಗೆಯೇ ಕೂಡಿಸಿಕೊಂಡಿದ್ದರು. ಅವರು ಹಾಗೆ ಮಾಡದೆ ಉಯಿಲು ಬರೆದರು. ದೇಸಗತಿಯ ಆಸ್ತಿ ಟ್ರಸ್ಟ್ ಆಗಬೇಕು, ಅದರ ಉತ್ಪನ್ನ ಓದುವ ಮಕ್ಕಳಿಗೆ ಹೋಗಬೇಕು.

ಕಿತ್ತೂರು ನರಗುಂದಗಳ ನೆನಪು ಇನ್ನೂ ಹಸಿಯಿದ್ದ ನಾಡಿನಲ್ಲಿ, ವಾರಸುದಾರಿಕೆಗಾಗಿ ಜೀವ ಕೊಟ್ಟವರ ನಡುವೆ, ಸ್ವತಃ ದತ್ತಕ ಬಂದ ಮನುಷ್ಯ ದತ್ತಕದ ದಾರಿಯನ್ನೇ ಬಿಟ್ಟುಕೊಟ್ಟದ್ದು ಸಣ್ಣ ಮಾತಲ್ಲ. ಚೆನ್ನಮ್ಮ ಮತ್ತು ಬಾಬಾಸಾಹೇಬರದು ಕಿತ್ತುಕೊಳ್ಳಲು ಬಂದವನ ಎದುರು ನಿಂತ ಶೌರ್ಯ. ಲಿಂಗರಾಜರ ಕೈಯಿಂದ ಯಾರೂ ಏನೂ ಕಿತ್ತುಕೊಳ್ಳಲು ಬಂದಿರಲಿಲ್ಲ. ತಾನಾಗಿ ಕೈ ಬಿಚ್ಚಿದರು. ಹಣ ಕೊಟ್ಟವರನ್ನು ದಾನವೀರರೆನ್ನುವ ನಮ್ಮ ಜನ ಇವರಿಗೆ ತ್ಯಾಗವೀರ ಎಂದದ್ದು ಸರಿಯಾಗಿಯೇ ಇದೆ. ವತನ ಬಿಡುವುದೆಂದರೆ ಹೆಸರು ಹೇಳುವವರನ್ನೂ ಬಿಡುವುದು.

ಆ ಉಯಿಲಿನ ತೂಕ ತಿಳಿಯಬೇಕಾದರೆ 1906ರ ಸ್ಥಿತಿ ನೆನೆಯಬೇಕು. ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳಲ್ಲಿ ಆಗ ಒಂದೂ ಪದವಿ ಕಾಲೇಜಿರಲಿಲ್ಲ. ಧಾರವಾಡದ ಕರ್ನಾಟಕ ಕಾಲೇಜು ತೆರೆದದ್ದು 1917ರಲ್ಲಿ. ಅದಕ್ಕೆ ಮೊದಲು ನವಲಗುಂದದ ಹುಡುಗ ಬಿ.ಎ. ಓದಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕು. ಭಾಷೆ ಬೇರೆ, ಊಟ ಬೇರೆ, ಖರ್ಚು ತಂದೆಯ ಕೈಗೆ ಮೀರಿದ್ದು. ಹೊಲ ಅಡವಿಟ್ಟು ಮಗನನ್ನು ಕಳಿಸಿದರೆ ಬರಗಾಲದ ಒಂದು ವರ್ಷಕ್ಕೆ ಹೊಲವೂ ಹೋಯಿತು, ಓದೂ ಹೋಯಿತು. ಅಂಥ ಹೊತ್ತಿನಲ್ಲಿ ವಿದ್ಯಾರ್ಥಿವೇತನವೆಂದರೆ ಅದು ಇಡೀ ಮನೆಯ ದಿಕ್ಕು ತಿರುಗಿಸುವ ಹಣ.

ಹತ್ತು ವರ್ಷದ ಮೇಲೆ, 1916ರ ನವೆಂಬರ್ 13ರಂದು, ಬೆಳಗಾವಿಯಲ್ಲಿ ಏಳು ಜನ ಸೇರಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿ ಕಟ್ಟಿದರು. ಜನ ಅವರನ್ನು ಸಪ್ತರ್ಷಿಗಳೆಂದು ಕರೆದರು. ಅವರು ತೆರೆದ ಮೊದಲ ಹೈಸ್ಕೂಲಿನ ಹೆಸರಿನಲ್ಲಿ ಹಳೆಯ ತಲೆಮಾರಿನ ಇಬ್ಬರು ಸೇರಿಕೊಂಡರು: ಗಿಲಗಂಚಿ ಗುರುಸಿದ್ದಪ್ಪ ಮತ್ತು ಅರಟಾಳ ರುದ್ರಗೌಡ. 1933ರಲ್ಲಿ ಅದೇ ಸಂಸ್ಥೆ ಕಾಲೇಜು ತೆರೆದಾಗ ಬಾಗಿಲ ಮೇಲೆ ಬರೆದದ್ದು ಲಿಂಗರಾಜ ಕಾಲೇಜು ಎಂದು. ಹೆಸರು ಹೇಳಲು ಮಕ್ಕಳಿಲ್ಲದೆ ಹೋದವರ ಹೆಸರನ್ನು ಅಲ್ಲಿಂದ ಮುಂದೆ ಪ್ರತಿ ವರ್ಷ ಓದು ಮುಗಿಸಿದ ಹುಡುಗರು ತಮ್ಮ ಹೆಸರಿನ ಜೊತೆಗೆ ಬರೆದುಕೊಂಡರು.

ಈ ದಾನ ಒಂದು ಸಮುದಾಯದ ಮಕ್ಕಳನ್ನು ಎದುರಿಗಿಟ್ಟುಕೊಂಡು ಮಾಡಿದ್ದು ಎಂಬುದನ್ನು ಮುಚ್ಚಿಡಬೇಕಿಲ್ಲ. ಆ ಕಾಲದ ಬಹುಪಾಲು ವಿದ್ಯಾದಾನಗಳು ಹಾಗೆಯೇ ಇದ್ದವು. ಪ್ರತಿಯೊಂದು ಸಮಾಜವೂ ತನ್ನ ಹುಡುಗರಿಗಾಗಿ ಬೋರ್ಡಿಂಗ್ ಕಟ್ಟಿಕೊಳ್ಳುತ್ತಿದ್ದ ದಿನಗಳವು. ಆದರೆ ಆ ಹಣದಿಂದ, ಆ ಹೆಸರಿನಿಂದ ಎದ್ದ ಕಾಲೇಜುಗಳ ಬೆಂಚಿನ ಮೇಲೆ ಮುಂದೆ ಎಲ್ಲ ಜಾತಿಯ ಮಕ್ಕಳೂ ಕೂತರು. ಉಯಿಲು ಬರೆದವರ ಕಲ್ಪನೆಗಿಂತ ಉಯಿಲು ದೊಡ್ಡದಾಯಿತು. ಜಯಂತಿಯ ಭಾಷಣಗಳಲ್ಲಿ ಇದನ್ನೂ ಹೇಳಬೇಕು.

ಕೊಟ್ಟವರನ್ನು ಹೆಸರಿಟ್ಟು ನೆನೆಯುವುದು ಈ ಸೀಮೆಗೆ ಹೊಸದಲ್ಲ. ಪಂಪನ ತಾಯಿಯ ತವರಾದ ಅಣ್ಣಿಗೇರಿಯಲ್ಲಿ ಅಮೃತೇಶ್ವರ ಗುಡಿಯಿದೆ. ಅಂಥ ಗುಡಿಗಳ ಅಂಗಳದ ಶಾಸನಕಲ್ಲುಗಳೆಲ್ಲ ಮೂಲತಃ ಸತ್ಕಾರಪತ್ರಗಳೇ. ಯಾರು ಎಷ್ಟು ಮತ್ತರು ಭೂಮಿ ಬಿಟ್ಟರು, ನಂದಾದೀಪಕ್ಕೆ ಎಷ್ಟು ಎಣ್ಣೆ, ಓದುವವರ ಊಟಕ್ಕೆ ಎಷ್ಟು ಕಾಳು. ಮೇಲೆ ಸೂರ್ಯಚಂದ್ರರ ಚಿತ್ರ, ಅವರಿಬ್ಬರೂ ಇರುವವರೆಗೆ ಈ ದಾನ ನಡೆಯಲಿ ಎಂದು. ಕೊನೆಗೆ, ಕೊಟ್ಟದ್ದನ್ನು ಕಸಿದವನಿಗೆ ಶಾಪ. ಅಲ್ಲಿಂದ ಗದಗ ದಾಟಿ ಹೋದರೆ ಲಕ್ಕುಂಡಿ. ದಾನಚಿಂತಾಮಣಿ ಅತ್ತಿಮಬ್ಬೆ ಬಸದಿ ಕಟ್ಟಿಸಿದ ಊರು, ಅವಳ ಹಿರಿಮೆ ಹೇಳುವ ಶಾಸನ 1007ರದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದವಳು ಆಕೆ. ಓಲೆಗರಿಯ ಮೇಲೆ ಕಂಠದಿಂದ ಕೊರೆಯುತ್ತಿದ್ದ ಕಾಲದಲ್ಲಿ ಸಾವಿರ ಪ್ರತಿ! ಸಾಹಿತ್ಯಕ್ಕೆ ದುಡಿದ ಹೆಣ್ಣುಮಕ್ಕಳಿಗೆ ಸರ್ಕಾರ ಇಂದು ಅವಳ ಹೆಸರಿನಲ್ಲಿಯೇ ಪ್ರಶಸ್ತಿ ಕೊಡುತ್ತದೆ. ಓದಿಗೆಂದು ಕೊಟ್ಟವರನ್ನು ಈ ನೆಲ ಸಾವಿರ ವರ್ಷ ನೆನಪಿಟ್ಟುಕೊಂಡಿದೆ.

ಶಾಸನದ ಜಾಗಕ್ಕೆ ಆಮೇಲೆ ಬಂದದ್ದು ಶಾಲೆಯ ಗೋಡೆಯಲ್ಲಿ ಕೂಡಿಸಿದ ಕಲ್ಲು. ಈ ಕೋಣೆಯನ್ನು ಇಂಥವರು ತಮ್ಮ ತಂದೆತಾಯಿಯ ಸ್ಮರಣಾರ್ಥ ಕಟ್ಟಿಸಿಕೊಟ್ಟರು ಎಂಬ ಎರಡು ಸಾಲು. ಗುಡಿಯ ಹಿತ್ತಾಳೆ ಹಂಡೆಯ ಕಂಠದಲ್ಲಿ ಚುಕ್ಕೆ ಚುಕ್ಕೆಯಾಗಿ ಬಡಿದ ಹೆಸರು, ಸಮುದಾಯ ಭವನದ ಫ್ಯಾನಿನ ರೆಕ್ಕೆಯ ಮೇಲೆ ಬಣ್ಣದಲ್ಲಿ ಬರೆದ ಹೆಸರು. ಇವನ್ನು ಕಂಡು ನಗುವವರಿದ್ದಾರೆ. ನಾನು ನಗಲಾರೆ. ವರ್ಷವಿಡೀ ಬಿಸಿಲಲ್ಲಿ ದುಡಿದ ರೈತ ಒಂದು ಫ್ಯಾನಾದರೂ ಊರಿಗಿರಲಿ ಎಂದುಕೊಳ್ಳುವುದರಲ್ಲಿ ನಗುವಂಥದ್ದೇನೂ ಇಲ್ಲ.

ಊರಿನ ಹಿರಿತನಕ್ಕೆ ಬೇರೆ ದಾರಿಗಳೂ ಇದ್ದವು. ಕುಂದಗೋಳದ ನಾಡಿಗೇರ ವಾಡೆ ವಿದ್ಯೆಯ ಬದಲು ಸಂಗೀತವನ್ನು ಸಾಕಿತು. ಆ ಮನೆಯ ರಂಗನಗೌಡ ನಾಡಿಗೇರರ ಆಶ್ರಯದಲ್ಲಿ ಅಬ್ದುಲ್ ಕರೀಂ ಖಾನರು ಬಂದು ಹಾಡಿದರು. ಅಲ್ಲಿ ಗುಮಾಸ್ತಿಕೆ ಮಾಡುತ್ತಿದ್ದವರ ಮಗ ರಾಮಭಾವು, ಖಾನರ ಶಿಷ್ಯನಾಗಿ, ಮುಂದೆ ಸವಾಯಿ ಗಂಧರ್ವರಾದರು. ಅವರಲ್ಲಿ ಕಲಿಯಲು ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಬರುತ್ತಿದ್ದರು. ಭೀಮಸೇನ ಜೋಶಿ ಅಲ್ಲೇ ಇದ್ದು ಕಲಿತರು. ಗುರುವಿನ ಪುಣ್ಯತಿಥಿಗೆ ವಾಡೆಯಲ್ಲಿ ರಾತ್ರಿಯಿಡೀ ಸಂಗೀತ ನಡೆಯುವ ಪದ್ಧತಿ ಬೆಳೆದು ಬಂತು. ಅಲ್ಲಿ ಶಾಲಿನ ಸತ್ಕಾರಕ್ಕಿಂತ ದೊಡ್ಡ ಸತ್ಕಾರ ಆ ಹಾಡುಗಾರಿಕೆಯೇ.

ವಾಡೆಗಳ ಮಾತಾಯಿತು. ವಾಡೆಯಿಲ್ಲದವರ ಲೆಕ್ಕ ಯಾರ ಹತ್ತಿರವಿದೆ? ಧಾರವಾಡದ ಮುರುಘಾಮಠದ ಪ್ರಸಾದನಿಲಯದಲ್ಲಿ ಹಳ್ಳಿಯ ಬಡ ಹುಡುಗರು ದುಡ್ಡಿಲ್ಲದೆ ಉಂಡು ಓದಿದರು. ಮೃತ್ಯುಂಜಯ ಅಪ್ಪಗಳು ಜೋಳಿಗೆ ಹಿಡಿದು ಹಳ್ಳಿ ಹಳ್ಳಿ ತಿರುಗಿದರು. ಸುಗ್ಗಿಯಲ್ಲಿ ಕಣ ಮುಗಿಯುತ್ತಲೇ ರೈತರು ಚಕ್ಕಡಿಯಲ್ಲಿ ಜೋಳದ ಚೀಲ ಹೇರಿ ಮಠಕ್ಕೆ ಮುಟ್ಟಿಸಿದರು. ಲಿಂಗರಾಜರ ವಿದ್ಯಾರ್ಥಿವೇತನ ಕಾಲೇಜಿನ ಫೀ ತುಂಬಿದರೆ, ಈ ಕಾಳು ಹೊಟ್ಟೆ ತುಂಬಿತು. ಒಂದಿಲ್ಲದೆ ಇನ್ನೊಂದು ನಡೆಯುತ್ತಿರಲಿಲ್ಲ. ಆ ಮಕ್ಕಳಲ್ಲಿ ಮಾಸ್ತರರಾದವರು, ವಕೀಲರಾದವರು ತಮ್ಮ ಊರಿಗೆ ಮರಳಿ ಶಾಲೆ ಕಟ್ಟಿದರು. ಜಾತ್ರೆಯ ದಾಸೋಹಕ್ಕೆ ಇಂದಿಗೂ ಕಟಕರೊಟ್ಟಿಯ ಗಂಟು ಹೊತ್ತು ತರುವ ಹೆಣ್ಣುಮಕ್ಕಳು ಆ ಪದ್ಧತಿಯ ಕೊನೆಯ ತುದಿಯಲ್ಲಿದ್ದಾರೆ. ನಮ್ಮ ಸತ್ಕಾರ ಸಮಾರಂಭಗಳ ಯಾದಿಯಲ್ಲಿ ಅವರ ಹೆಸರು ಅಪರೂಪ. ವೇದಿಕೆಗೆ ಕರೆಯುವುದು ಪದವಿಯಿದ್ದವರನ್ನು, ಶಾಲು ಹೋಗುವುದು ಈಗಾಗಲೇ ಹತ್ತು ಶಾಲು ಕಂಡ ಹೆಗಲಿಗೆ.

ಹಳೆಯ ಹೆಂಚಿನ ಶಾಲೆಗಳನ್ನು ಕೆಡವಿ ಈಗ ಸ್ಲ್ಯಾಬಿನ ಕೋಣೆಗಳು ಏಳುತ್ತಿವೆ. ಬೇಕಾದದ್ದೇ. ಆದರೆ ಗೋಡೆ ಬಿದ್ದಾಗ ಕಲ್ಲೂ ಅದರ ಜೊತೆಗೆ ಹೋಗುತ್ತದೆ. ಹೊಸ ಗೋಡೆಯ ಮೇಲೆ ಯೋಜನೆಯ ಹೆಸರು, ಮೊತ್ತ, ಗುತ್ತಿಗೆದಾರರ ಹೆಸರು ಬರುತ್ತವೆ. ಕೆಡವುವ ಮೊದಲು ಆ ಕಲ್ಲನ್ನು ಬಿಡಿಸಿ ತೆಗೆದಿಟ್ಟು ಹೊಸ ಗೋಡೆಯಲ್ಲಿ ಕೂಡಿಸಲು ಗೌಂಡಿಗೆ ಅರ್ಧ ದಿನದ ಕೆಲಸ. ಶಾಲಾಭಿವೃದ್ಧಿ ಸಮಿತಿಯವರು ಮನಸ್ಸು ಮಾಡಿದರೆ ಸಾಕು. ಜೋಳ ಕೊಟ್ಟವರದು, ಚಕ್ಕಡಿ ಹೂಡಿದವರದು, ರೊಟ್ಟಿ ಬಡಿದವರದು ಯಾವ ಕಲ್ಲಿನ ಮೇಲೂ ಇಲ್ಲ. ಅವರ ಹೆಸರು ಬಾಯಲ್ಲಿಟ್ಟುಕೊಂಡಿರುವ ಹಿರಿಯರು ನವಲಗುಂದದಲ್ಲಿ, ಅಣ್ಣಿಗೇರಿಯಲ್ಲಿ, ಕಲಘಟಗಿಯ ಹಳ್ಳಿಗಳಲ್ಲಿ ಇನ್ನೂ ಕೆಲವರಿದ್ದಾರೆ. ಬರುವ ಜನವರಿ 10ರೊಳಗೆ ಹೈಸ್ಕೂಲಿನ ಮಕ್ಕಳ ಕೈಗೆ ಒಂದೊಂದು ನೋಟ್‌ಬುಕ್ ಕೊಟ್ಟು ಆ ಅಜ್ಜ ಅಜ್ಜಿಯರ ಮನೆಗೆ ಕಳಿಸಬಹುದು.