ಸೂಕ್ಷ್ಮದರ್ಶಕದಿಂದ ಮಾತ್ರೆಯವರೆಗೆ



ಕ್ಯಾನ್ಸರ್ ಕುರಿತ ಮಾತುಕತೆ ನೋಡಿದಾಗ ನಿಮ್ಮಲ್ಲೊಂದು ಪ್ರಶ್ನೆ ಮೂಡಬಹುದು. ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಸೂಕ್ಷ್ಮದರ್ಶಕದ ಮುಂದೆ ಕೂರುವವರಿಂದ ಆಸ್ಪತ್ರೆಯಲ್ಲಿ ಮಲಗಿದ ರೋಗಿಗೆ ಏನು ಪ್ರಯೋಜನ? ಒಂದೇ ಒಂದು ರೋಗದ ಕಥೆ ಕೇಳಿ.

ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಒಂದು ಬಗೆಯ ರಕ್ತದ ಕ್ಯಾನ್ಸರ್. ಇದರಲ್ಲಿ ಬಿಳಿ ರಕ್ತಕಣಗಳು ಅಂಕೆ ಮೀರಿ ಹೆಚ್ಚುತ್ತವೆ. 1960ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪೀಟರ್ ನೋವೆಲ್ ಹಾಗೂ ಅವರ ಸಹಸಂಶೋಧಕ ಡೇವಿಡ್ ಹಂಗರ್‌ಫರ್ಡ್, ಇಂಥ ರೋಗಿಗಳ ರಕ್ತಕಣಗಳಲ್ಲಿ ಒಂದು ವರ್ಣತಂತು ಅಸಹಜವಾಗಿ ಗಿಡ್ಡವಾಗಿರುವುದನ್ನು ಕಂಡರು. ಊರಿನ ಹೆಸರೇ ಅದಕ್ಕೆ ಬಂತು: ಫಿಲಡೆಲ್ಫಿಯಾ ಕ್ರೋಮೋಸೋಮ್.

ಹಾಗಾದರೆ ಉಳಿದ ತುಂಡು ಎಲ್ಲಿ ಹೋಯಿತು? ಶಿಕಾಗೋ ವಿಶ್ವವಿದ್ಯಾಲಯದ ಜಾನೆಟ್ ರೌಲಿ ವರ್ಣತಂತುಗಳ ಛಾಯಾಚಿತ್ರ ಕತ್ತರಿಸಿ, ಮನೆಯ ಊಟದ ಮೇಜಿನ ಮೇಲೆ ಹರಡಿ ಜೋಡಿಸುತ್ತಿದ್ದರು. 1973ರಲ್ಲಿ ಅವರು ಗುಟ್ಟು ಬಿಡಿಸಿದರು: 9 ಮತ್ತು 22ನೆಯ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡಿದ್ದವು. ಹೀಗೆ ಬೆಸೆದುಕೊಂಡ ಜೀನ್ ಒಂದು ವಿಕೃತ ಕಿಣ್ವವನ್ನು ತಯಾರಿಸುತ್ತದೆ. ಆ ಕಿಣ್ವ ಕೋಶಕ್ಕೆ ಬಿಡುವಿಲ್ಲದೆ 'ಬೆಳೆ, ಬೆಳೆ' ಎಂದು ಆಜ್ಞೆ ಕೊಡುತ್ತದೆ ಎಂದು ಮುಂದಿನ ಸಂಶೋಧನೆಗಳು ತಿಳಿಸಿದವು.

ಶತ್ರು ಯಾರೆಂದು ಗೊತ್ತಾದ ಮೇಲೆ ಗುರಿ ಸುಲಭವಾಯಿತು. ಕಿಣ್ವವು ಎಟಿಪಿಯಿಂದ ಶಕ್ತಿ ಪಡೆಯುವ ಜಾಗದಲ್ಲೇ ಹೊಕ್ಕು ಕೂರುವ ಇಮ್ಯಾಟಿನಿಬ್ ಎಂಬ ರಾಸಾಯನಿಕವನ್ನು ಔಷಧ ಕಂಪನಿಯೊಂದರ ವಿಜ್ಞಾನಿಗಳು ರೂಪಿಸಿದರು. ಆರೆಗಾನ್‌ನ ವಿಶ್ವವಿದ್ಯಾಲಯದ ವೈದ್ಯ ಬ್ರಯಾನ್ ಡ್ರೂಕರ್ ಪಟ್ಟುಬಿಡದೆ ಅದನ್ನು ರೋಗಿಗಳವರೆಗೆ ತಂದರು. 1998ರಲ್ಲಿ ಆರಂಭವಾದ ಮೊದಲ ಪ್ರಯೋಗದಲ್ಲಿ, ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ಪಡೆದ 54 ರೋಗಿಗಳ ಪೈಕಿ 53 ಮಂದಿಯ ರಕ್ತಕಣಗಳ ಎಣಿಕೆ ಸಹಜಸ್ಥಿತಿಗೆ ಮರಳಿತು. 2001ರಲ್ಲಿ ಅಮೆರಿಕದಲ್ಲಿ ಔಷಧಕ್ಕೆ ಮಂಜೂರಾತಿ ದೊರೆಯಿತು. ಅಲ್ಲಿಯವರೆಗೆ ಹೆಚ್ಚಿನವರಿಗೆ ಕೆಲವೇ ವರ್ಷಗಳ ಆಯುಷ್ಯ ಉಳಿಸುತ್ತಿದ್ದ ಈ ರೋಗ, ಇಂದು ಬಹುತೇಕರಿಗೆ ನಿತ್ಯ ಮಾತ್ರೆ ನುಂಗಿ ಹತೋಟಿಯಲ್ಲಿಡಬಹುದಾದ ಕಾಯಿಲೆ.

ಆದರೆ ಮಾತ್ರೆ ಇದ್ದರೆ ಸಾಲದು, ಕೈಗೆಟುಕಬೇಕು. ಈ ಔಷಧದ ಒಂದು ರೂಪಕ್ಕೆ ಕೇಳಿದ್ದ ಪೇಟೆಂಟನ್ನು ನಮ್ಮ ಸರ್ವೋಚ್ಚ ನ್ಯಾಯಾಲಯ 2013ರ ಏಪ್ರಿಲ್ 1ರಂದು ನಿರಾಕರಿಸಿತು. ಅದರಿಂದಾಗಿ ಭಾರತೀಯ ಕಂಪನಿಗಳ ಅಗ್ಗದ ಮಾತ್ರೆಗಳಿಗೆ ದಾರಿ ಮುಚ್ಚಲಿಲ್ಲ.

ಕಥೆ ಇಲ್ಲಿಗೇ ಮುಗಿಯದು. ಕೆಲವರಲ್ಲಿ ಕಿಣ್ವ ರೂಪ ಬದಲಿಸಿ ಔಷಧದಿಂದ ತಪ್ಪಿಸಿಕೊಳ್ಳುತ್ತದೆ. ಆ ಬದಲಾವಣೆಯನ್ನು ಅರಿಯಲು ಮತ್ತೆ ಪ್ರಯೋಗಾಲಯಕ್ಕೇ ಹೋಗಬೇಕು. ಹಾಗೆ ಹೋದುದರಿಂದಲೇ ಹೊಸ ಔಷಧಗಳೂ ಬಂದಿವೆ.

1960ರಿಂದ 2001, ಅಂದರೆ 41 ವರ್ಷ. ಗಿಡ್ಡ ವರ್ಣತಂತುವನ್ನು ಕಂಡವರಿಗೆ ಅಂದು ಮಾತ್ರೆಯ ಕಲ್ಪನೆಯೂ ಇರಲಿಲ್ಲ. ಮುಂದಿನ ಸಲ ನಿಮ್ಮ ಕಾಲೇಜಿನಲ್ಲಿ ಈರುಳ್ಳಿ ಬೇರಿನ ತುದಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ವರ್ಣತಂತುಗಳನ್ನು ನೋಡುವಾಗ, ಅವಸರ ಮಾಡಬೇಡಿ. ಒಮ್ಮೆ ಎಣಿಸಿ ನೋಡಿ.